ಭಾವನ ಲಾರಿ ಬೇಡ

ನಲವತ್ತು ದಾಟಿ ತಲೆಯಲ್ಲಿ ಬಿಳಿಗೂದಲು ಇಣುಕುತ್ತಿದ್ದರೂ ಮನೆಯವರ ಬಾಯಲ್ಲಿ ಅವಳು ಇನ್ನೂ ಪುಟ್ಟಿ. ಪುಟ್ಟಿಯ ಅಂಗಡಿಯಲ್ಲಿ ಆಳೆತ್ತರದ ಆರು ಯಂತ್ರಗಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ಒಂದು ಕಾಲದಲ್ಲಿ ಮಕ್ಕಳು ನಾಣ್ಯ ಹಾಕಿ, ಗುಂಡಿ ಕುಟ್ಟಿ ಕುಟ್ಟಿ ಆಡುತ್ತಿದ್ದ ವಿಡಿಯೋ ಗೇಮುಗಳು. ಗುಜರಿಗೆ ಬಿದ್ದಿದ್ದವನ್ನು ಒಂದೊಂದಾಗಿ ತಂದು, ಇಲಿ ಕಡಿದ ವೈರು ಬದಲಿಸಿ, ಮತ್ತೆ ಜೀವ ಬರಿಸಿದ್ದಳು. ಈಗ ದೂರದ ನಗರದ ಒಂದು ವಸ್ತುಸಂಗ್ರಹಾಲಯ ಅವನ್ನು ಕೇಳಿತ್ತು. ಆರೂ ನೆಟ್ಟಗೆ ಬಂದು ಬೆಳಗಿದರೆ ಅಲ್ಲಿನ ಆಟದ ಕೋಣೆಯ ಉಸ್ತುವಾರಿಯೂ ಅವಳದೇ ಎಂದಿದ್ದರು.

ನೆಟ್ಟಗೆ ಹೋಗಬೇಕಲ್ಲ! ಆ ಯೋಚನೆಯೇ ಅವಳನ್ನು ನಿಂತಲ್ಲಿ ನಿಲ್ಲಗೊಡುತ್ತಿರಲಿಲ್ಲ. ಪ್ರತಿ ಯಂತ್ರದೊಳಗೂ ಹಳೇ ಟಿವಿಯಂಥದೇ ಪಿಕ್ಚರ್ ಟ್ಯೂಬು; ಅದರ ಮುಖವೇನೋ ಗಟ್ಟಿ, ಹಿಂದಿನ ಕತ್ತು ಮಾತ್ರ ಹೆಬ್ಬೆರಳ ಗಾತ್ರದ ತೆಳು ಗಾಜು. ಅದು ಬಿರುಕು ಬಿಟ್ಟರೆ ಗಾಳಿ ಒಳಗೆ ನುಗ್ಗುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಅಂಥ ಟ್ಯೂಬನ್ನು ಈಗ ಯಾರೂ ಮಾಡುವುದಿಲ್ಲ.

ಸಾಗಣೆ ಕಂಪನಿಗಳನ್ನು ವಿಚಾರಿಸಿದಳು. ದೊಡ್ಡ ಹೆಸರಿನ ಕಂಪನಿಯವನು ಫೋನಿನಲ್ಲಿ ತೂಕ ಕೇಳಿದ, ಬೇರೇನೂ ಕೇಳಲಿಲ್ಲ. ಒಳಗೆ ಗಾಜಿದೆ ಎಂದರೆ, "ಚೀಟಿ ಅಂಟಿಸ್ತೀವಿ ಮೇಡಂ" ಅಂದ. ಚೀಟಿ ಓದಿಕೊಂಡು ರಸ್ತೆಯ ಗುಂಡಿ ಪಕ್ಕಕ್ಕೆ ಸರಿಯುತ್ತದೆಯೇ? ಇನ್ನೊಬ್ಬ ಅಂಗಡಿಗೇ ಬಂದು, ಎಮ್ಮೆಯ ಬೆನ್ನು ತಟ್ಟುವಂತೆ ಯಂತ್ರವನ್ನು ತಟ್ಟಿ, "ಏನೂ ಆಗಲ್ಲ ಬಿಡಿ" ಅಂದ. ಏನೂ ಆಗಲ್ಲ ಅನ್ನುವವರನ್ನು ಕಂಡರೆ ಪುಟ್ಟಿಗೆ ಮೈಯುರಿ. ಆಗುವುದೆಲ್ಲ ಅವರ ಕೈಯಲ್ಲೇ ಆಗುವುದು.

ಮೂರನೆಯದು ಸಣ್ಣ ಕಂಪನಿ. ಅಲ್ಲಿಂದ ಅಳತೆಯ ಟೇಪು ಹಿಡಿದು ಒಬ್ಬ ಹೆಂಗಸು ಬಂದಳು. ಬಾಗಿಲು ಅಳೆದಳು, ಮೊಣಕಾಲೂರಿ ಯಂತ್ರದ ತಳ ನೋಡಿದಳು, ಹಿಂಬದಿಯ ಹಲಗೆ ತೆಗೆಸಿದಳು.

"ಕತ್ತು ಇದೇನಾ?"

"ಹೂಂ."

"ಹಾಗಾದ್ರೆ ನಿಲ್ಲಿಸಿಯೇ ಒಯ್ಯಬೇಕು. ಸುತ್ತ ಮರದ ಚೌಕಟ್ಟು ಕಟ್ಟದೆ ನಾನು ಮುಟ್ಟಲ್ಲ."

ಇವಳೇ ಸರಿ ಎಂದು ಪುಟ್ಟಿಯ ಮನಸ್ಸು ಅಲ್ಲೇ ಕುಳಿತುಬಿಟ್ಟಿತು. ಆದರೂ ನಾಳೆ ಹೇಳುತ್ತೇನೆ ಎಂದು ಕಳಿಸಿದಳು. ಭಾವ ಇದ್ದರಲ್ಲ!

ಅಕ್ಕನ ಗಂಡ ಲಾರಿಯಲ್ಲೇ ತಲೆ ನರೆಸಿಕೊಂಡವರು. ಅವರು ಬಿಗಿದ ಗಂಟು ಬಿಚ್ಚಲು ಅವರೇ ಬರಬೇಕು ಎಂದು ಬಳಗದಲ್ಲೆಲ್ಲ ತಮಾಷೆ. ಆದರೆ ಹೋದ ತಿಂಗಳು ಅವರು ಸಾಗಿಸಿದ ಯಾರದೋ ಗಾಜಿನ ಬೀರು ಚೂರುಚೂರಾಗಿ ಇಳಿದಿತ್ತು. ಅವರು ರಸ್ತೆಯನ್ನು ಬೈದರು. ಪುಟ್ಟಿ ಹೂಂಗುಟ್ಟಿದಳು, ನಂಬಲಿಲ್ಲ.

ಅಕ್ಕನದು ಬೆಳಗ್ಗೆ ಒಂದು ಫೋನು, ಸಂಜೆ ಒಂದು ಫೋನು. "ಮನೇಲಿ ಲಾರಿ ಇಟ್ಕೊಂಡು ಹೊರಗಿನವರಿಗೆ ಕೊಟ್ರೆ ನಾನು ಯಾವ ಮುಖ ಇಟ್ಕೊಂಡು ಅವರ ಮುಂದೆ ಓಡಾಡ್ಲಿ?" ತಾಯಿ ಹೋದ ಮೇಲೆ ತಲೆ ಬಾಚಿ, ತುತ್ತು ಇಟ್ಟು ಬೆಳೆಸಿದ ಅಕ್ಕ. ಅವಳಿಗೆ ಇಲ್ಲ ಅನ್ನುವುದು ಹೇಗೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪುಟ್ಟಿ ಯಂತ್ರಗಳ ಸ್ವಿಚ್ಚು ಹಾಕಿದಳು, ಆರಿಸಿದಳು. ಒರೆಸಿದ್ದನ್ನೇ ಒರೆಸಿದಳು. ಕಾಫಿ ಮಾಡಿಕೊಂಡು ಕುಡಿಯಲು ಮರೆತಳು. ಕೊನೆಗೆ, ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಎದೆ ಗಟ್ಟಿ ಮಾಡಿಕೊಂಡು ಫೋನು ಎತ್ತಿಕೊಂಡಳು. ಅಷ್ಟರಲ್ಲಿ ಭಾವನೇ ಬಾಗಿಲಲ್ಲಿ ನಿಂತಿದ್ದರು.

ಅವರು ಯಂತ್ರದ ಸುತ್ತ ಒಂದು ಸುತ್ತು ಬಂದರು. ತೆರೆದಿದ್ದ ಹಿಂಬದಿಯಲ್ಲಿ ಬಗ್ಗಿ ನೋಡಿದರು.

"ಇದು ಒಡೆದ್ರೆ?"

"ಮತ್ತೆ ಸಿಗಲ್ಲ ಭಾವ."

ಭಾವ ಸ್ಟೂಲಿನ ಮೇಲೆ ಕುಳಿತರು. ಆಮೇಲೆ ಅಂಗೈಗಳನ್ನು ಮಗುಚಿ ನೋಡಿಕೊಂಡರು. "ನನ್ನ ಲಾರಿ ಬೇಡ ಅಂದ್ಬಿಡು ಪುಟ್ಟಿ. ನನ್ನ ಬಾಯಲ್ಲಿ ಬರಲ್ಲ. ಬೆರಳು ಮರಗಟ್ಟಿವೆ. ಹಗ್ಗ ಬಿಗಿದಿದೆಯೋ ಸಡಿಲ ಇದೆಯೋ ಗೊತ್ತೇ ಆಗಲ್ಲ. ಆ ಬೀರು ಒಡೆದಿದ್ದು ರಸ್ತೆಯಿಂದಲ್ಲ."

"ಡಾಕ್ಟರ ಹತ್ರ ಹೋಗೋಣ. ಅಕ್ಕನಿಗೆ—"

"ಡಾಕ್ಟರ ಹತ್ರ ಹೋಗ್ತೀನಿ. ನಿನ್ನಕ್ಕನಿಗೆ ಮಾತ್ರ ಹೇಳ್ಬೇಡ. ಆಣೆ ಮಾಡು. ಅವಳ ಕಣ್ಣಲ್ಲಿ ನಾನು ಇನ್ನೂ ಗಟ್ಟಿ ಮನುಷ್ಯ."

ಪುಟ್ಟಿ ಆಣೆ ಮಾಡಿದಳು. ಕೇಳದೆಯೇ ವರ ಸಿಕ್ಕಿತ್ತು, ಖುಷಿಯಾಗಬೇಕಿತ್ತು. ಅದರ ಬದಲು, ಆರೂ ಯಂತ್ರ ಒಡೆದು ಹೋದರೂ ಹೋಗಲಿ, ಇವರ ಲಾರಿಯಲ್ಲೇ ಹಾಕಿಬಿಡೋಣ ಎನ್ನಿಸಿತು. ಹಾಗೆ ಮಾಡಲಿಲ್ಲ. ಭಾವ ಹೊರಟ ಮೇಲೆ ಟೇಪಿನ ಹೆಂಗಸಿಗೆ ಫೋನು ಮಾಡಿ, ಚೌಕಟ್ಟು ಕಟ್ಟಲು ಬನ್ನಿ ಎಂದಳು. ಭಾವ ಮನೆ ಸೇರುವಷ್ಟು ಹೊತ್ತು ಅಂಗಡಿಯಲ್ಲಿ ಅತ್ತಿಂದಿತ್ತ ತಿರುಗಿ, ಅಕ್ಕನಿಗೆ ಫೋನು ಹಚ್ಚಿದಳು.

"ಅಕ್ಕಾ, ಬೇರೆಯವರಿಗೆ ಕೊಟ್ಟೆ."

ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿಕೊಂಡಳು. ಬರಲಿಲ್ಲ. ಬಾಗಿಲು ಮುಚ್ಚಿದ ಸದ್ದು, ಆಮೇಲೆ ಪಿಸುಮಾತು.

"ಒಳ್ಳೇದು ಮಾಡಿದೆ ಕಣೆ. ನೀನು ಹೂಂ ಅಂದಿದ್ರೆ ನನ್ನ ಎದೆ ಒಡೆದು ಹೋಗ್ತಿತ್ತು. ದಿನಾ ಬೆಳಗ್ಗೆ ಶರ್ಟಿನ ಗುಂಡಿ ಹಾಕ್ಕೊಳ್ಳೋಕೆ ಒದ್ದಾಡ್ತಾರೆ. ನಾನು ನೋಡೇ ಇಲ್ಲ ಅನ್ನೋ ಹಾಗೆ ಆ ಕಡೆ ತಿರುಗಿ ಹಾಸಿಗೆ ಮಡಚ್ತೀನಿ. ನಿನಗೆ ಫೋನು ಮಾಡಿ ಮಾಡಿ ಒತ್ತಾಯ ಮಾಡಿದ್ದೂ ಅದಕ್ಕೇ. ಸುಮ್ಮನಿದ್ರೆ, ಇವಳಿಗೆ ಗೊತ್ತಾಗಿದೆ ಅಂದ್ಕೋತಾರೆ." ಮೂಗು ಎಳೆದುಕೊಂಡ ಸದ್ದು. "ಅವರು ನಿನ್ನ ಹತ್ರ ಏನಾದ್ರೂ ಅಂದ್ರಾ?"

ಆಣೆ ನಾಲಗೆಯ ಮೇಲೆ ಕುಳಿತಿತ್ತು. "ಇಲ್ಲಕ್ಕ."

"ಅನ್ನಲ್ಲ. ಯಾರ ಹತ್ರಾನೂ ಅನ್ನಲ್ಲ ಅವರು. ನೀನೂ ಅನ್ಬೇಡ."

ಒಂದೇ ಮನೆಯಲ್ಲಿ ಆಡಬೇಕಾದ ಮಾತು ಅದು, ಎರಡು ಪಾಲಾಗಿ ಪುಟ್ಟಿಯ ಹೊಟ್ಟೆ ಸೇರಿತ್ತು. ಇಬ್ಬರನ್ನೂ ಎದುರುಬದುರು ಕೂರಿಸಿ ಕೂಗಿಬಿಡಬೇಕು ಎನ್ನಿಸಿತು. ಅಷ್ಟರಲ್ಲಿ ಆ ಕಡೆ ಬಾಗಿಲು ತೆರೆಯಿತು, ಹೆಜ್ಜೆಯ ಸದ್ದು ಬಂತು. ಅಕ್ಕನ ದನಿ ಥಟ್ಟನೆ ಏರಿತು.

"ನಿನ್ನ ಭಾವನಿಗಿಂತ ಆ ಡಬ್ಬಿಗಳೇ ಹೆಚ್ಚಾದ್ವಾ? ಇನ್ನು ನಮ್ಮನೆ ಮೆಟ್ಟಿಲು ಹತ್ಬೇಡ!"

"ಹೋಗ್ಲಿ ಬಿಡೆ, ಅವಳನ್ನ ಯಾಕೆ ಬೈತೀಯ," ಎಂದು ಭಾವ ಅನ್ನುವುದು ಕೇಳಿಸಿತು. ಆ ದನಿಯಲ್ಲಿ ಎಷ್ಟು ನಿರಾಳವಿತ್ತೆಂದರೆ ಪುಟ್ಟಿಗೆ ಅಳು ಬಂತು.

"ಹೌದು, ನನಗೆ ಡಬ್ಬಿಗಳೇ ಹೆಚ್ಚು," ಎಂದಳು ಅವಳು, ಭಾವನಿಗೂ ಕೇಳಿಸುವಷ್ಟು ಜೋರಾಗಿ.