ಒಡಲ ಮರದ ವಾದ

ಬೆರಳು ತಾಗುವುದಕ್ಕೆ ಮೊದಲು, ತಂತಿ ಬಿಗಿಯುವುದಕ್ಕೆ ಮೊದಲು, ತಂತಿಯನ್ನು ಹೊರಬೇಕಾದ ಮರವು ಬೀಜದಲ್ಲಿ ಕಣ್ಣುಬಿಡುವುದಕ್ಕೂ ಮೊದಲು ತನ್ನಷ್ಟಕ್ಕೆ ತಾನೇ ಮೊಳಗುತ್ತಿದ್ದ ಆದಿನಾದಕ್ಕೆ ನಮಸ್ಕಾರ. ನುಡಿಸುವವರ ಕೈಯಲ್ಲಿ ಶಕ್ತಿಯಾಗಿಯೂ ಕೇಳುವವರ ಎದೆಯಲ್ಲಿ ಆನಂದವಾಗಿಯೂ ನೆಲೆಸಿರುವ ಆ ಪರದೈವವು, ವಾದಕ್ಕೆ ಕುಳಿತವರ ನಾಲಿಗೆಯ ಮೇಲೆ ಕೊಂಚ ಕರುಣೆಯಾಗಿಯೂ ನೆಲೆಸಲಿ. ಮುಂದೆ ಹೇಳಲಿರುವ ಕಥೆಯಲ್ಲಿ ನಾಲಿಗೆಗಳಿಗೆ ಬಿಡುವೇ ಇಲ್ಲ.

ಬೀದಿಯೊಂದರ ತಿರುವಿನಲ್ಲಿ, ದರ್ಜಿಯ ಅಂಗಡಿಗೆ ಎದುರಾಗಿ, ಕೆಳಗೆ ಕಾರ್ಯಾಗಾರವೂ ಮೇಲೆ ಮನೆಯೂ ಇದ್ದ ಕಟ್ಟಡದಲ್ಲಿ ಗಿಟಾರ್ ಮಾಡುವ ಕುಶಲಕರ್ಮಿಯೊಬ್ಬರು ವಾಸವಾಗಿದ್ದರು. ನೆರೆಹೊರೆಯವರು ಅವರನ್ನು ಮರದ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲಿಯೂ ಪಾಠ ಹೇಳಿದವರಲ್ಲ. ಆದರೆ ಅವರ ಅಂಗಡಿಗೆ ಬಂದು ಪಾಠ ಕೇಳದೆ ಹಿಂದಿರುಗಿದವರೂ ಇರಲಿಲ್ಲ. ಗಿರಾಕಿ ಒಳಗೆ ಕಾಲಿಟ್ಟೊಡನೆ ಅವನ ಕಿವಿಯನ್ನು ಒಂದು ಹಲಗೆಗೆ ಒತ್ತಿಹಿಡಿಸಿ, ತಾವು ಬೆರಳಗೆಣ್ಣಿನಿಂದ ತಟ್ಟಿ, "ಕೇಳಿಸ್ತಾ? ಮರ ಏನನ್ನುತ್ತೆ?" ಎಂದು ಪ್ರಶ್ನಿಸುವರು. ಬಹುಮಂದಿ ಭಯದಿಂದಲೋ ಮರ್ಯಾದೆಯಿಂದಲೋ ತಲೆದೂಗುವರು. "ಏನೂ ಅನ್ನಲ್ಲ ಸಾರ್" ಎಂದ ಒಬ್ಬ ಮಹಾನುಭಾವನಿಗೆ ಅವರು ಗಿಟಾರ್ ಮಾಡಿಕೊಡಲೇ ಇಲ್ಲ.

ಎಲೆಕ್ಟ್ರಿಕ್ ಬೇಸ್ ಗಿಟಾರ್ ಮಂದ್ರಸ್ಥಾಯಿಯ ವಾದ್ಯ. ಇದಕ್ಕೆ ಪೊಳ್ಳು ಹೊಟ್ಟೆಯಿಲ್ಲ. ಒಡಲೆಂದರೆ ಗಟ್ಟಿ ಮರದ ಹಲಗೆ; ಅದರಿಂದ ಚಾಚಿದ ಉದ್ದನೆಯ ಹಿಡಿಯೇ ಕತ್ತು. ದಪ್ಪ ತಂತಿಗಳ ಕೆಳಗೆ, ತಾಮ್ರದ ಎಳೆ ಸುತ್ತಿದ ಅಯಸ್ಕಾಂತದ ಪುಟ್ಟ ಪೆಟ್ಟಿಗೆಯೊಂದು ಕುಳಿತಿರುತ್ತದೆ. ಅದಕ್ಕೆ ಪಿಕಪ್ ಎಂದು ಹೆಸರು. ತಂತಿಯ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಒಪ್ಪಿಸುವುದು ಅದರ ಕೆಲಸ. ಹಾಗಿರುವಾಗ ಒಡಲು ಯಾವ ಮರದ್ದಾದರೇನು? ಇದು ಪೂರ್ವಪಕ್ಷ. "ಮರವೇ ದನಿ, ಮಿಕ್ಕಿದ್ದೆಲ್ಲ ತಗಡು" ಎಂಬುದು ಮೇಷ್ಟ್ರ ಸಿದ್ಧಾಂತ. ಪೂರ್ವಪಕ್ಷವನ್ನು ಹಿಡಿದು ದಿನವೂ ಅವರನ್ನು ಕಾಡುತ್ತಿದ್ದವಳು ಬೇರಾರೂ ಅಲ್ಲ, ಅವರ ಒಬ್ಬಳೇ ಮಗಳು.

"ಅಪ್ಪಾ, ಮರಕ್ಕೆ ಹಾಡೋಕೆ ಬರೋದಾದ್ರೆ ನಮ್ಮನೆ ಬಾಗಿಲಿಗೆ ಸನ್ಮಾನ ಮಾಡ್ಬೇಕು. ಬೆಳಗ್ಗೆಯಿಂದ ಸಂಜೆವರೆಗೂ ಕಿರ್ರ್ ಅಂತ ಒಂದೇ ಸಮ ಹಾಡುತ್ತೆ" ಎನ್ನುವಳು.

"ಬಾಗಿಲು ಹಾಡೋದು ಕೀಲಿನಿಂದ ಕಣೇ. ಅದು ತಗಡು. ಅದಕ್ಕೇ ಹಂಗೆ ಕಿರಚುತ್ತೆ!"

ಮಗಳು ಒಂದು ವಾದ್ಯತಂಡದಲ್ಲಿ ಬೇಸ್ ನುಡಿಸುತ್ತಿದ್ದಳು. ಅವಳ ವಾದ್ಯ ಅಪ್ಪನೇ ಮಾಡಿಕೊಟ್ಟದ್ದು: ಕಡುಗಂದು ಬಣ್ಣದ, ಕಲ್ಲಿನಂತೆ ಭಾರವಾದ ಮರದ್ದು. ಅವಳ ಮುಂಗೈ ಉಜ್ಜಿ ಉಜ್ಜಿ ಅದರ ಅಂಚು ನುಣುಪಾಗಿತ್ತು. ಬಾಯಲ್ಲಿ ಏನೇ ಹಾಸ್ಯ ಮಾಡಲಿ, ತಂಡದವರು "ಅಕ್ಕನ ದನಿ" ಎಂದು ಕರೆಯುತ್ತಿದ್ದ ಆ ಗಂಭೀರ ನಾದದ ವಿಷಯದಲ್ಲಿ ಅವಳಿಗೆ ಗುಪ್ತವಾದ ಅಭಿಮಾನವಿತ್ತು.

ಹೀಗಿರಲು ಅವಳ ಎಡಭುಜದಲ್ಲಿ ನೋವು ಕಾಣಿಸಿಕೊಂಡಿತು. ನೋವು ತೋಳಿಗಿಳಿದು, ತೋಳಿನಿಂದ ಬೆರಳಿಗಿಳಿಯಿತು. ವೈದ್ಯೆ ಪರೀಕ್ಷಿಸಿ, ಭುಜದ ನರವು ಭಾರಕ್ಕೆ ನಲುಗಿದೆಯೆಂದೂ, ಅಷ್ಟು ತೂಕದ ವಾದ್ಯವನ್ನು ಇನ್ನು ತೂಗುಹಾಕಿಕೊಳ್ಳಲೇಬಾರದೆಂದೂ ಹೇಳಿದಳು. "ಹೀಗೇ ಮುಂದುವರಿದ್ರೆ ಬೆರಳು ಪೂರ್ತಿ ಮರಗಟ್ಟಿಹೋಗುತ್ತೆ" ಎಂಬುದು ಅವಳ ಮಾತು.

ಜೊತೆಗೆ ಹೋಗಿದ್ದ ಮೇಷ್ಟ್ರು ಆ ಒಂದು ಶಬ್ದದ ಬಳಿಯೇ ನಿಂತುಬಿಟ್ಟರು. ಮರ ಎಂಬ ಎರಡಕ್ಷರಗಳು ತಮ್ಮನ್ನು ಹೆದರಿಸಿದ್ದು ಅವರಿಗೆ ಅದೇ ಮೊದಲು.

ಮರುದಿನ ಊಟಕ್ಕೆ ಕುಳಿತಾಗ ಅವರು ಗಂಟಲು ಸರಿಮಾಡಿಕೊಂಡು ಹೇಳಿದರು: "ಪುಟ್ಟೀ, ನಿನಗೊಂದು ಹಗುರವಾದ ಒಡಲು ಮಾಡ್ಕೊಡ್ತೀನಿ. ಬಿಳಿಮರದ್ದು. ಕತ್ತು, ತಂತಿ, ಪಿಕಪ್ ಎಲ್ಲ ಹಳೇದೇ. ದನಿ ಏನೂ ಬದಲಾಗಲ್ಲ."

"ಬಿಳಿಮರಾನಾ? ಹಣ್ಣಿನ ಪೆಟ್ಟಿಗೆ ಮಾಡೋ ಮರ ಅಂತ ನೀನೇ ಉಗೀತಿದ್ದೆ?"

"ಹಣ್ಣು ತಿನ್ನೋಕೆ ಚೆನ್ನಾಗಿರಲ್ವಾ? ಹಂಗೇ ಪೆಟ್ಟಿಗೇನೂ ಚೆನ್ನಾಗೇ ಇರುತ್ತೆ. ಅಲ್ಲ, ಮರದಲ್ಲೇನಿದೆ ಹೇಳು? ಮರ ಅಂದ್ರೆ ತಂತಿ ಕಟ್ಟೋ ಗೂಟ, ಅಷ್ಟೇ."

ಬಡಿಸುತ್ತಿದ್ದ ತಾಯಿಯ ಸೌಟು ಗಾಳಿಯಲ್ಲಿಯೇ ನಿಂತಿತು. "ಏನ್ರೀ, ಮೈ ಬೆಚ್ಚಗಿದೆಯಾ? ಹಣೆ ತೋರ್ಸಿ ಇಲ್ಲಿ."

ಮಗಳು ಕೆಂಡವಾದಳು. "ಗೂಟಾನಾ? ಹುಟ್ಟಿದಾಗಿಂದ ಮರ ಮರ ಅಂತ ನನ್ನ ತಲೆ ತಿಂದವನು ನೀನು!"

"ತಿಂದಿದ್ದು ತಪ್ಪಾಯ್ತು. ವಾಪಸ್ ತಗೋತಿದ್ದೀನಿ."

"ತಿಂದಿದ್ದನ್ನ ವಾಪಸ್ ತಗೊಳ್ಳೋ ಮಾತು ಊಟದ ಹೊತ್ತಲ್ಲಿ ಬೇಡ ಮಾವ" ಎಂದು ಅಳಿಯ ತಟ್ಟೆಯಿಂದ ತಲೆಯೆತ್ತದೆಯೇ ಹೇಳಿದನು. ಅವನು ಆಂಪ್ಲಿಫೈಯರ್ ರಿಪೇರಿ ಮಾಡುವವನು. ಮಾವನ ದೃಷ್ಟಿಯಲ್ಲಿ ತಗಡಿನ ವಂಶಸ್ಥ.

ಓದುಗರು ಈ ವಿಚಿತ್ರವನ್ನು ಗಮನಿಸಬೇಕು. ಒಂದೇ ಊಟದ ಅವಧಿಯಲ್ಲಿ ವಾದಿ ಪ್ರತಿವಾದಿಗಳು ತಮ್ಮ ಪೀಠಗಳನ್ನು ಅದಲುಬದಲು ಮಾಡಿಕೊಂಡಿದ್ದರು. ಮರವೇ ಸರ್ವಸ್ವವೆಂದವರು ಮರದಲ್ಲಿ ಏನೂ ಇಲ್ಲವೆಂದು ಮೇಜು ಗುದ್ದುತ್ತಿದ್ದರು; ಮರವನ್ನು ನಗೆಪಾಟಲು ಮಾಡಿದವಳು ಮರದ ಪರವಾಗಿ ಕಣ್ಣೀರಿಡುತ್ತಿದ್ದಳು. ಅವರನ್ನು ಹಾಗೆ ತಿರುಗಿಸಿದ್ದು ತರ್ಕವಲ್ಲ. ತಂದೆಗೆ ಮಗಳ ಕೈ ಉಳಿಯಬೇಕಿತ್ತು. ಮಗಳಿಗೆ ತನ್ನ ದನಿ ಉಳಿಯಬೇಕಿತ್ತು.

"ಬೇರೆಯವರ ದನೀಲಿ ನಾನು ನುಡಿಸಲ್ಲ ಅಪ್ಪ" ಎಂದು ಕೊನೆಗೆ ಅವಳು ಮೆಲ್ಲಗೆ ಹೇಳಿದಳು. "ನೀನು ಮಾಡು, ನೋಡೋಣ. ದನಿ ಅದೇ ಬಂದ್ರೆ ಸರಿ. ಬರಲಿಲ್ಲ ಅಂದ್ರೆ ತಂಡದವರಿಗೆ ಬೇರೆಯವರನ್ನ ನೋಡ್ಕೊಳ್ಳಿ ಅಂತ ಹೇಳ್ಬಿಡ್ತೀನಿ."

ಮೇಷ್ಟ್ರು ಬಿಳಿಮರದ ಹಲಗೆಯನ್ನು ತಂದರು. ತಾವು ಇಷ್ಟು ಕಾಲ ಹೀಯಾಳಿಸಿದ ಮರವನ್ನು ಅತಿಥಿಯನ್ನು ಕೂರಿಸುವಂತೆ ಮೇಜಿನ ಮೇಲಿಟ್ಟು ಸವರಿದರು. ಹಳೆಯ ಒಡಲಿನ ಆಕಾರವನ್ನೇ ಅದರ ಮೇಲೆ ಬರೆದು, ಕೊಯ್ದು, ಉಳಿಯಿಂದ ಪಿಕಪ್ಪಿಗೆ ಗುಂಡಿ ತೋಡಿ, ಉಪ್ಪುಕಾಗದದಿಂದ ಉಜ್ಜಿ ರೇಷ್ಮೆಯಂತೆ ಮಾಡಿದರು. ಕೆಲಸದ ನಡುವೆ ಒಮ್ಮೊಮ್ಮೆ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು, ಮುಖ ಹುಳ್ಳಗೆ ಮಾಡಿಕೊಳ್ಳುವರು. ಕೂಡಲೇ ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸುವರು.

ರಜೆಯ ದಿನ ಬೆಳಗ್ಗೆ ಕಾರ್ಯಾಗಾರದಲ್ಲಿ ಪರೀಕ್ಷೆ ಏರ್ಪಟ್ಟಿತು. ಮೊದಲು ಮಗಳು ಕುರ್ಚಿಯಲ್ಲಿ ಕುಳಿತು, ಭಾರವಾದ ಹಳೆಯ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ತನಗೆ ಪ್ರಿಯವಾದ ಒಂದು ಧಾಟಿಯನ್ನು ನುಡಿಸಿದಳು. ಅಳಿಯ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡನು. ಅನಂತರ ಮೇಷ್ಟ್ರು ತಂತಿಗಳನ್ನು ಸಡಿಲಿಸಿ, ಕತ್ತನ್ನು ಕಳಚಿ, ಪಿಕಪ್ಪನ್ನು ಬಿಚ್ಚಿ, ಎಲ್ಲವನ್ನೂ ಬಿಳಿಯ ಒಡಲಿಗೆ ಜೋಡಿಸಿದರು. ಹಳೆಯ ಗುಂಡಿಯಿಂದ ಏನೋ ಕೊಳೆಯಾದದ್ದೊಂದು ಉದುರಿತು. ಅವರು ಕಾಲಿನಿಂದ ಅದನ್ನು ಮರದ ಹೊಟ್ಟಿನ ರಾಶಿಗೆ ಸರಿಸಿದರು.

ಮಗಳು ಹೊಸ ಒಡಲನ್ನು ಎತ್ತಿಕೊಂಡು ಅದೇ ಧಾಟಿಯನ್ನು ನುಡಿಸಿದಳು.

ದನಿ ಬಂತು. ಆದರೆ ಶೀತವಾಗಿ ಗಂಟಲು ಕಟ್ಟಿದವರು ಪಕ್ಕದ ಮನೆಯಿಂದ ಮಾತನಾಡಿದಂತೆ ಬಂತು. ಆಂಪ್ಲಿಫೈಯರನ್ನು ಜೋರು ಮಾಡಿದರೂ ಅದು ತೆಳ್ಳಗೆಯೇ ಉಳಿಯಿತು. ಅವಳು ಒಂದೆರಡು ಸಲ ಪ್ರಯತ್ನಿಸಿ ತಂತಿಗಳ ಮೇಲೆ ಅಂಗೈಯಿಟ್ಟಳು.

"ನೀನು ಹೇಳ್ತಿದ್ದಿದ್ದೇ ಸರಿ ಅಪ್ಪ" ಎಂದಳು, ವ್ಯಂಗ್ಯವಿಲ್ಲದೆ. "ಮರವೇ ದನಿ."

ಈ ಒಂದು ವಾಕ್ಯವನ್ನು ಅವಳ ಬಾಯಿಂದ ಕೇಳಬೇಕೆಂದು ಮೇಷ್ಟ್ರು ಎಷ್ಟೋ ಕಾಲ ಹಂಬಲಿಸಿದ್ದರು. ಈಗ ಕೇಳಿತು. ಅವರು ಸ್ಟೂಲಿನ ಮೇಲೆ ಕುಸಿದರು. ಗೆದ್ದು ಅಷ್ಟು ದುಃಖಪಟ್ಟ ವಾದಿ ಯಾವ ಸಭೆಯಲ್ಲಿಯೂ ಇದ್ದಿರಲಾರ.

"ನಿಮ್ಮ ಮಾತೇ ನಿಜ ಆಯ್ತಲ್ಲ, ಈಗ್ಯಾಕೆ ಈ ಮುಖ?" ಎಂದು ತಾಯಿ ಕೇಳಿದಳು.

"ಆಗಬಾರದಿತ್ತು ಕಣೇ" ಎಂದರು ಮೇಷ್ಟ್ರು. "ಹಾಳು ಮರ."

ಅಳಿಯನು ವೈರುಗಳನ್ನು ಸುತ್ತಿಡಲು ಎದ್ದನು. ಹೆಂಡತಿಯ ಮುಖ ನೋಡಲಾರದೆ ಗಿಟಾರನ್ನೇ ನೋಡಿದನು, ನೋಡುತ್ತಾ ಬಗ್ಗಿದನು, ಬಗ್ಗಿ, ಒಂದು ಕಣ್ಣು ಮುಚ್ಚಿ, ತಂತಿಗಳ ಅಡಿಯಲ್ಲಿ ಇಣುಕಿದನು.

"ಮಾವ, ಪಿಕಪ್ ಯಾಕೆ ಬಾವಿಗಿಳಿದಿದೆ?"

"ಅದು ಎಲ್ಲಿದ್ರೇನು? ತಗಡು!"

"ತಗಡೇ ಮಾವ ಕೇಳಿಸ್ಕೊಳ್ಳೋದು! ತಂತಿ ಮಹಡಿ ಮೇಲೆ ಕೂಗ್ತಿದೆ, ಇದು ನೆಲಮಾಳಿಗೇಲಿ ಮಲಗಿದೆ. ಇದನ್ನ ಮೇಲಕ್ಕೆತ್ತಿ ಹಿಡಿಯೋಕೆ ಹಿಂದೆ ನಾನು ಅಡಿಯಲ್ಲಿಟ್ಟಿದ್ದ ಸ್ಪಂಜು ಎಲ್ಲಿ?"

"ಸ್ಪಂಜಾ? ಆ ಕೊಳಕು ತುಂಡಾ?" ಮೇಷ್ಟ್ರು ಹೊಟ್ಟಿನ ರಾಶಿಯ ಕಡೆ ನೋಡಿದರು. "ಇಲಿ ಗೂಡು ಅನ್ಕೊಂಡೆ."

ಕ್ಷಣದಲ್ಲಿ ನಾಲ್ವರೂ ನೆಲಕ್ಕೆ ಕುಕ್ಕರಿಸಿ ಹೊಟ್ಟನ್ನು ಕೆದಕತೊಡಗಿದರು. ಸಿಕ್ಕಿದ್ದು ಹಿಡಿಯಷ್ಟು ಪುಡಿ. ಹಳೆಯ ಸ್ಪಂಜು ಕೈಯಿಟ್ಟಲ್ಲೆಲ್ಲ ಉದುರಿಹೋಯಿತು. ಅಳಿಯ ತಲೆ ಮೇಲೆ ಕೈಯಿಟ್ಟುಕೊಂಡನು. ಆದರೆ ಮೇಷ್ಟ್ರು ಆಗಲೇ ಮೆಟ್ಟಿಲು ಹತ್ತಿ ಅಡುಗೆಮನೆಗೆ ನುಗ್ಗಿ, ಪಾತ್ರೆ ತಿಕ್ಕುವ ಸ್ಪಂಜನ್ನು ಹಿಡಿದು ಇಳಿಯುತ್ತಿದ್ದರು.

"ಅಯ್ಯೋ, ಹೊಸದು ಕಣ್ರೀ ಅದು! ಇನ್ನೂ ಒಂದು ಲೋಟಾನೂ ತೊಳೆದಿಲ್ಲ!"

"ಒಳ್ಳೇದೇ ಆಯ್ತು, ಎಣ್ಣೆ ಜಿಡ್ಡಿಲ್ಲ!" ಎಂದು ಅವರು ಅದನ್ನು ಕತ್ತರಿಸಿಯೇಬಿಟ್ಟರು.

ಸ್ಪಂಜಿನ ಪೀಠದ ಮೇಲೆ ಪಿಕಪ್ ಎದ್ದು ಕುಳಿತಿತು. ಅಳಿಯ ಸ್ಕ್ರೂಗಳನ್ನು ತಿರುಗಿಸಿದನು. ಮೊದಲು ಅತಿಯಾಗಿ ಎತ್ತಿದ್ದರಿಂದ ತಂತಿ ಅದಕ್ಕೆ ಬಡಿದು ಕಟಕಟ ಎಂದಿತು. "ತಗಡಿನ ಪಂಡಿತರೇ, ನಿಧಾನ" ಎಂದು ಮಾವ ಚುಚ್ಚಿದರು. ಇಳಿಸಿದನು, ಏರಿಸಿದನು, ಅಯಸ್ಕಾಂತಕ್ಕೂ ತಂತಿಗೂ ನಡುವೆ ಹಳೆಯ ಅಂತರವೇ ಬರುವಂತೆ ಮಾಡಿದನು. "ಈಗ ನುಡಿಸು."

ಅವಳು ನುಡಿಸಿದಳು. ಮೊದಲ ಸ್ವರಕ್ಕೇ ಕಿಟಕಿಯ ಗಾಜು ಗುಂಯ್ ಎಂದಿತು. ಅವಳ ಹುಬ್ಬು ಮೇಲೇರಿತು. ಆದರೂ ನಂಬಿಕೆ ಬರಲಿಲ್ಲ. "ಆಸೆಗೆ ಹಂಗೆ ಕೇಳಿಸ್ತಿರಬಹುದು" ಎಂದಳು. ಆಗ ಅಳಿಯ ಇದನ್ನೂ ರೆಕಾರ್ಡ್ ಮಾಡಿದನು. ಅವಳು ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತಳು. ಒಂದಾದ ಮೇಲೊಂದು ಎರಡೂ ರೆಕಾರ್ಡುಗಳು ಅದೇ ಆಂಪ್ಲಿಫೈಯರಿನಲ್ಲಿ ಮೊಳಗಿದವು.

"ಎರಡನೇದು ಹಳೇದು" ಎಂದಳು ಖಚಿತವಾಗಿ. "ನನ್ನ ದನಿ ನನಗೆ ಗೊತ್ತಾಗಲ್ವಾ? ಆ ಆಳ ಬೇರೆ ಯಾವುದಕ್ಕೂ ಬರಲ್ಲ."

ಅವಳು ಕಣ್ಣು ಬಿಟ್ಟು ತಿರುಗಿದಾಗ ಗಂಡ ಫೋನನ್ನು ಎತ್ತಿ ಹಿಡಿದಿದ್ದನು.

"ಎರಡನೇದು ಹಣ್ಣಿನ ಪೆಟ್ಟಿಗೆ" ಎಂದನು.

ಅವಳಿಗೆ ಎಲ್ಲಿಂದಲೋ ನಗು ಉಕ್ಕಿ ಬಂತು. ನಕ್ಕು ನಕ್ಕು ಅಲ್ಲಿಯೇ ಕುಳಿತುಬಿಟ್ಟಳು. ಮೇಷ್ಟ್ರು ಮಾತ್ರ ಕುಳಿತಿರಲಿಲ್ಲ. ಬಾಗಿಲು ತಳ್ಳಿಕೊಂಡು ಬೀದಿಗೆ ಓಡಿ, "ಸೋತೆ! ನಾನು ಸೋತೆ!" ಎಂದು ಕೈಯೆತ್ತಿ ಕೂಗುತ್ತಿದ್ದರು.

ಎದುರಿನ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಗಾಬರಿಯಿಂದ ಎದ್ದು ಬಂದನು. "ಏನಾಯ್ತು ಮೇಷ್ಟ್ರೇ? ಯಾರು ಸೋಲಿಸಿದ್ರು?"

"ನನ್ನ ಮಗಳು! ನನ್ನ ಅಳಿಯ! ಪೂರ್ತಿ ಮಣ್ಣು ಮುಕ್ಕಿಸಿಬಿಟ್ರು!"

"ಅದಕ್ಯಾಕೆ ಕುಣೀತಿದ್ದೀರಿ?"

"ನಿನಗೆ ಮಗಳಿದ್ದಾಳೇನಯ್ಯಾ? ಇದ್ರೆ ಗೊತ್ತಾಗುತ್ತೆ, ಹೋಗು!"

ಅವರು ಒಳಗೆ ಬಂದಾಗ ಮಗಳು ಬಿಳಿಯ ವಾದ್ಯವನ್ನು ಭುಜಕ್ಕೆ ತೂಗುಹಾಕಿಕೊಂಡು, ಬಹುಕಾಲದ ಮೇಲೆ ನಿಂತು ನುಡಿಸುತ್ತಿದ್ದಳು. ನುಡಿಸುವ ನಡುವೆಯೇ ಹೇಳಿದಳು: "ಒಂದು ಮಾತು ಅಪ್ಪ. ಕಿವಿಗೆ ಎರಡೂ ಒಂದೇ. ಆದ್ರೆ ಪಕ್ಕೆಲುಬಿಗೆ ಇದು ಬೇರೆ ಥರ ನಡುಗುತ್ತೆ. ಕಚಗುಳಿ ಇಟ್ಟ ಹಾಗೆ."

ಮೇಷ್ಟ್ರ ಕಣ್ಣು ಮಿಂಚಿತು. "ನೋಡಿದ್ಯಾ! ಪಕ್ಕೆಲುಬಿಗೆ ಗೊತ್ತಾಗುತ್ತೆ! ಅಲ್ಲಿಗೆ ನಾನು ಪೂರ್ತಿ ಸೋತಿಲ್ಲ. ಆಮೇಲೆ ಇನ್ನೊಂದು, ಒಡಲಿನ ಮರ ಹೋಗ್ಲಿ. ಕತ್ತಿನ ಮರದ ವಿಷಯ ಬೇರೇನೇ..."

"ಏನ್ರೀ!" ಎಂದಳು ತಾಯಿ, ಉಳಿದ ಅರ್ಧ ಸ್ಪಂಜನ್ನು ಅವರ ಮುಖದೆದುರು ಹಿಡಿದು. "ಮೊದಲು ಪಾತ್ರೆ ತೊಳೀರಿ. ಕತ್ತಿನ ವಿಷಯ ಆಮೇಲೆ ನೋಡೋಣ."

ಮೇಲಿನ ಅಡುಗೆಮನೆಯಲ್ಲಿ ನಲ್ಲಿ ಸುರಿಯುವ ಸದ್ದೂ ಮೇಷ್ಟ್ರ ಗೊಣಗಾಟವೂ ಕೇಳತೊಡಗಿದವು. ಅಷ್ಟರಲ್ಲಿ ತಂಡದ ಹಿರಿಯನಿಂದ ಫೋನ್ ಬಂತು. ಮಗಳು ತಂತಿಗಳಿಂದ ಕೈ ತೆಗೆಯಲಿಲ್ಲ. "ನೀವೇ ಮಾತಾಡ್ರೀ" ಎಂದು ಗಂಡನಿಗೆ ಸನ್ನೆ ಮಾಡಿದಳು. "ಬೇರೆ ಯಾರನ್ನೂ ನೋಡೋದು ಬೇಡ, ನಾನು ಬರ್ತೀನಿ ಅಂತ ಹೇಳಿ." ಅಳಿಯ ಹೇಳಬೇಕೆಂದು ಬಾಯಿ ತೆರೆದನು, ಆದರೆ ಅತ್ತಲಿನ ಹಿರಿಯನು ಹಿನ್ನೆಲೆಯ ನಾದವನ್ನು ಆಗಲೇ ಕೇಳಿಸಿಕೊಂಡು, "ಅಕ್ಕ ನುಡಿಸ್ತಿದ್ದಾರಲ್ವಾ? ಸಾಕು ಬಿಡಿ, ಗೊತ್ತಾಯ್ತು" ಎಂದು ಫೋನ್ ಇಟ್ಟನು.

ಈ ಕಥೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ ಮಂಗಳವಾಗಲಿ. ಅವರ ಭುಜಗಳು ಹೊರಲಾರದ ಭಾರವು ಇಳಿಯಲಿ. ಅವರ ಕೈಬೆರಳುಗಳು ಕಡೆಯವರೆಗೂ ತಮಗೆ ಪ್ರಿಯವಾದ ಕೆಲಸದಲ್ಲಿ ಚುರುಕಾಗಿರಲಿ. ಅವರ ಮನೆಗಳಲ್ಲಿ ವಾದಗಳು ಬರಿದಾಗದಿರಲಿ, ಪ್ರೀತಿಯೂ ಬರಿದಾಗದಿರಲಿ. ಮಕ್ಕಳೆದುರು ಸೋತು ಬೀದಿಯಲ್ಲಿ ಕುಣಿಯುವ ಭಾಗ್ಯವನ್ನು ಭಗವಂತನು ಪ್ರತಿಯೊಬ್ಬ ತಂದೆತಾಯಿಗೂ ಒಮ್ಮೆಯಾದರೂ ಕರುಣಿಸಲಿ.