ಬೊನ್ಸಿಲೆಯ ನೀಲಿ ಲೋಟ

ಜುಲೈ ತಿಂಗಳ ಕೊನೆ, ಆ ನಾಡಿಗೆ ಚಳಿಗಾಲ. ಲುಬೊಂಬೊ ಗುಡ್ಡದ ಕೆಳಗೆ ಹುಲ್ಲೆಲ್ಲ ಒಣಗಿ ಕಂದಾಗಿ, ಕೊಯ್ಲಿಗೆ ಮುಂಚೆ ಕಬ್ಬಿನ ಗದ್ದೆಗೆ ಇಟ್ಟ ಬೆಂಕಿಯ ಹೊಗೆ ಚಳಿಯೊಳಗೆ ಬೆರೆತು ನಿಲ್ಲುವ ಕಾಲ. ಶುರುವಾದದ್ದು ಒಂದು ಬುಧವಾರ, ಬೆಳಗಿನ ಹತ್ತು ಗಂಟೆಗೆ. ಶಾಲೆಯ ಅಡುಗೆ ಚಪ್ಪರದಲ್ಲಿ ಮೂರು ಕಾಲಿನ ಕಬ್ಬಿಣದ ಹಂಡೆಯೊಳಗೆ ಕಾಳು ಬೇಯುತ್ತಿತ್ತು.

ಹಂಡೆಯ ಮುಂದೆ ಸೌಟು ಹಿಡಿದು ಕೂತವಳು ಲಾಶೊಂಗ್ವೆ. ಅವಳಿಗೆ ಅವಳದೇ ಒಂದು ಹೆಸರಿತ್ತು. ಆದರೆ ಮದುವೆಯಾಗಿ ಬಂದವಳನ್ನು ತವರಿನ ಮನೆತನದಿಂದಲೇ ಕರೆಯುವ ನಾಡಿನಲ್ಲಿ ಸ್ವಂತ ಹೆಸರಿಗೆ ಬೇಗ ತುಕ್ಕು ಹಿಡಿಯುತ್ತದೆ. ಶಾಲೆಯ ಮಕ್ಕಳಿಗೆಲ್ಲ ಅವಳು ಗೋಗೊ, ಅಜ್ಜಿ. ನಿಜವಾಗಿ ಅಜ್ಜಿಯಾಗಿದ್ದದ್ದು ಒಬ್ಬಳಿಗೆ, ಏಳನೇ ಕ್ಲಾಸಿನ ಬೊನ್ಸಿಲೆಗೆ. ಆ ಕ್ಲಾಸಿನ ಕಿಟಕಿ ಚಪ್ಪರದ ಕಡೆಗೇ ತೆರೆದಿತ್ತು.

ಹಿಂದಿನ ವಾರ ಮನೆಮನೆಗೆ ಚೀಟಿ ಬಂದಿತ್ತು. ಲಾಶೊಂಗ್ವೆಗೆ ಓದು ಬಾರದು, ಮೊಮ್ಮಗಳೇ ಓದಿ ಹೇಳಿದಳು.

"ಮಾಂಬಾ ಮೇಷ್ಟ್ರು ಏಡ್ಸ್ ಕಾಯಿಲೆ ಪಾಠ ಮಾಡ್ತಾರಂತೆ ಗೋಗೊ. ನಿಂಗೆ ಒಪ್ಪಿಗೆನಾ ಅಂತ ಕೇಳಿದ್ದಾರೆ."

ಬೇಡವೆಂದರೆ ಯಾಕೆ ಬೇಡವೆಂದು ಊರು ಕೇಳುತ್ತದೆ. ಲಾಶೊಂಗ್ವೆ ಹೆಬ್ಬೆಟ್ಟು ಒತ್ತಿದಳು.

ಬೊನ್ಸಿಲೆಗೆ ಹದಿನಾಲ್ಕು. ಅವಳಿಗೆ ಎರಡು ತುಂಬುವುದರೊಳಗೆ ತಾಯಿ ಜಾಬು, ಲಾಶೊಂಗ್ವೆಯ ಸೊಸೆ, ಸತ್ತಿದ್ದಳು. ತಾಯಿಯನ್ನು ತಿಂದದ್ದು ಹುಟ್ಟುವಾಗಲೇ ಕೂಸಿನ ರಕ್ತಕ್ಕೂ ಇಳಿದಿತ್ತು. ದಿನಕ್ಕೊಂದು ಮಾತ್ರೆ ಅದನ್ನು ಕಟ್ಟಿಹಾಕಿತ್ತು. ಮಾತ್ರೆಯ ಡಬ್ಬಿ ಅಲುಗಿದರೆ ಗಲಗಲ ಎನ್ನುತ್ತದೆ, ಆ ಸದ್ದು ಊರಿನ ಕೂಸುಕೂಸಿಗೂ ಗೊತ್ತು. ಅದಕ್ಕೇ ಲಾಶೊಂಗ್ವೆ ಕ್ಲಿನಿಕ್ಕಿನಿಂದ ಬಂದೊಡನೆ ಮಾತ್ರೆಗಳನ್ನು ತನ್ನ ಹಳೆಯ ನಶ್ಯದ ಡಬ್ಬಿಗೆ ಸುರಿದು, ಮೇಲೆ ಹತ್ತಿ ತುರುಕಿ, ಕ್ಲಿನಿಕ್ಕಿನ ಡಬ್ಬಿಯನ್ನು ಒಲೆಗೆ ಹಾಕುತ್ತಿದ್ದಳು. ಮಗುವಿಗೆ ಹೇಳಿದ್ದು ಒಂದೇ ಮಾತು: ನಿನ್ನ ಎದೆ ಸೋತಿದೆ, ಇದು ಎದೆಯ ಮಾತ್ರೆ.

"ಗೋಗೊ, ನಿನ್ನ ಬಾಯಿಂದಾನೇ ಹೇಳಿಬಿಡು," ಎಂದು ನರ್ಸಮ್ಮ ನಾಲ್ಕು ವರ್ಷದಿಂದ ಹೇಳುತ್ತಿದ್ದಳು. "ಬೇರೆಯವರ ಬಾಯಿಂದ ಕೇಳಿದ ಮಕ್ಕಳು ಸಿಟ್ಟಿಗೆ ಮಾತ್ರೆ ಬಿಡ್ತಾವೆ. ಬಿಟ್ರೆ ಅವಳಮ್ಮ ಹೋದ ದಾರೀನೇ."

"ಈ ಜೋಳ ಕೊಯ್ದಾದ ಮೇಲೆ ಹೇಳ್ತೀನಿ," ಎನ್ನುತ್ತಿದ್ದಳು ಲಾಶೊಂಗ್ವೆ. ನಾಲ್ಕು ಸಲ ಜೋಳ ಕೊಯ್ದಾಗಿತ್ತು.

ಇನ್ನೊಂದು ಸಂಗತಿ ನರ್ಸಮ್ಮನಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಬೊನ್ಸಿಲೆಗೆಂದೇ ಒಂದು ನೀಲಿ ಬಣ್ಣದ ತಗಡಿನ ಲೋಟವಿತ್ತು. "ಇದು ನನ್ನ ರಾಣಿಯ ಲೋಟ, ಯಾರೂ ಮುಟ್ಟಬಾರದು," ಎಂದು ಅಜ್ಜಿ ಅದನ್ನು ಬೇರೆ ಮೊಳೆಗೆ ನೇತುಹಾಕುತ್ತಿದ್ದಳು. ಹುಡುಗಿ ಆ ಲೋಟದ ಜಂಬವನ್ನು ಗೆಳತಿಯರ ಮುಂದೆಲ್ಲ ಕೊಚ್ಚಿಕೊಂಡಿದ್ದಳು. ಜಾಬು ಸತ್ತ ವರ್ಷ ಊರವರು ಅವಳ ಚಾಪೆ ಸುಟ್ಟಿದ್ದರು, ಅವಳು ಕುಡಿದ ಲೋಟವನ್ನು ಲಾಶೊಂಗ್ವೆ ಮೂರು ಸಲ ಕುದಿಸಿದ್ದಳು. ಹಾಗೆ ಹರಡುವುದಿಲ್ಲವೆಂದು ಆಮೇಲೆ ಕಿವಿಗೆ ತಿಳಿಯಿತು. ಕೈಗೆ ತಿಳಿಯಲಿಲ್ಲ.

ಕಿಟಕಿಯೊಳಗೆ ಮಾಂಬಾ ಮೇಷ್ಟ್ರು ಹೇಳುತ್ತಿದ್ದರು. "ಈ ವೈರಸ್‌ಗೆ ಕಾಲಿಲ್ಲ, ರೆಕ್ಕೆ ಇಲ್ಲ. ರಕ್ತದಿಂದ ರಕ್ತಕ್ಕೆ ಹೋಗತ್ತೆ, ಗಂಡು ಹೆಣ್ಣು ಕೂಡಿದಾಗ ಹೋಗತ್ತೆ, ತಾಯಿಯಿಂದ ಕೂಸಿಗೆ ಹೋಗತ್ತೆ. ಅದರ ದಾರಿ ಇಷ್ಟೇ."

"ಮುತ್ತು ಕೊಟ್ರೆ, ಮೇಷ್ಟ್ರೇ?" ಹಿಂದಿನ ಬೆಂಚಿನ ಬಂಡಿಲೆ ಕೇಳಿದ. ಕ್ಲಾಸನ್ನು ನಗಿಸುವುದು ಅವನ ಕಸುಬು.

"ನಿಂಗ್ಯಾರೋ ಕೊಡೋರು!" ಎಂದಳು ನೊಸಿಫೊ. ಬೊನ್ಸಿಲೆಯ ಪಕ್ಕ ಕೂರುವವಳು, ದಿನವೂ ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವವಳು.

ಕ್ಲಾಸು ಬಿದ್ದುಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕರು. ಅವರು ಕೆಟ್ಟ ಮನುಷ್ಯರಲ್ಲ. ಚಪ್ಪರದಿಂದ ಒಂದು ಲೋಟ ನೀರು ಇಸಿದುಕೊಂಡು ಹೋಗಿದ್ದರು. ಅದನ್ನು ಬಂಡಿಲೆಗೆ ಅರ್ಧ ಕುಡಿಸಿ, ಉಳಿದರ್ಧ ತಾವು ಕುಡಿದರು.

"ಅಯ್ಯೋ ಮೇಷ್ಟ್ರೇ, ಅವನು ಹಲ್ಲೇ ಉಜ್ಜಲ್ಲ!"

"ಹಲ್ಲು ಉಜ್ಜದಿದ್ರೆ ನಾತ ಬರತ್ತೆ, ಎಚ್‌ಐವಿ ಬರಲ್ಲ. ಒಂದೇ ಲೋಟ, ಒಂದೇ ತಟ್ಟೆ, ಒಂದೇ ಕಂಬಳಿ, ಯಾವುದರಿಂದಾನೂ ಬರಲ್ಲ. ಬರ್ಕೊಳ್ಳಿ."

ಆಮೇಲೆ ಗಲಗಲ ಸದ್ದು ಕೇಳಿಸಿತು. ಲಾಶೊಂಗ್ವೆಯ ಸೌಟು ನಿಂತಿತು.

"ಇದು ಅದರ ಮಾತ್ರೆ. ಕ್ಲಿನಿಕ್ಕಲ್ಲಿ ಕೇಳಿ ತಂದಿದ್ದೀನಿ. ದಿನಾ ಒಂದು ನುಂಗಿದೋರು ನಮ್ಮ ನಿಮ್ಮ ಹಾಗೇ ಮುದುಕರಾಗ್ತಾರೆ. ಕದ್ದು ಮುಚ್ಚಿ ಇಡೋ ಸಾಮಾನಲ್ಲ ಇದು. ಕೈಯಿಂದ ಕೈಗೆ ದಾಟಿಸಿ ನೋಡಿ."

ಮಾತ್ರೆ ಬೆಂಚಿನಿಂದ ಬೆಂಚಿಗೆ ಬರತೊಡಗಿತು. ಲಾಶೊಂಗ್ವೆ ಹಂಡೆಯನ್ನು ಉರುಳಿಸಬಹುದಿತ್ತು. ಬೆಂಕಿ ಬೆಂಕಿ ಎಂದು ಕೂಗಬಹುದಿತ್ತು. ಎದ್ದು ಹೋಗಿ ಮೊಮ್ಮಗಳ ಕೈ ಹಿಡಿದು ಹೊರಗೆ ಎಳೆದು ತರಬಹುದಿತ್ತು. ಹದಿನೈದು ಮಕ್ಕಳ ಕೈ ದಾಟುವಷ್ಟು ಹೊತ್ತು ಅವಳಿಗೆ ಸಿಕ್ಕಿತ್ತು. ಅವಳು ಕೂತೇ ಇದ್ದಳು.

ಬೊನ್ಸಿಲೆ ಅಂಗೈ ನೋಡಿಕೊಂಡು ನಕ್ಕಳು. ಕ್ಲಾಸಿಗೆ ಮೊದಲಿಗಳು, ಮೇಷ್ಟ್ರ ತಪ್ಪು ಸಿಕ್ಕರೆ ಬಿಡುವವಳಲ್ಲ.

"ಮೇಷ್ಟ್ರೇ, ನೀವು ತಪ್ಪು ಮಾತ್ರೆ ತಂದಿದ್ದೀರ! ಇದು ಎದೆ ಕಾಯಿಲೇದು. ನಾನು ದಿನಾ ಬೆಳಿಗ್ಗೆ ಏಳಕ್ಕೆ ತಗೋತೀನಿ."

ಕ್ಲಾಸು ಮೇಷ್ಟ್ರನ್ನು ನೋಡಿ ನಕ್ಕಿತು. ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

"ಕೂತ್ಕೊ ಬೊನ್ಸಿಲೆ. ಒಂದೇ ಬಣ್ಣದವು ಬೇಕಾದಷ್ಟಿರ್ತಾವೆ."

"ಇಲ್ಲ ಮೇಷ್ಟ್ರೇ, ಇದೇ! ನೋಡ್ದೇನೇ ಹೇಳ್ಲಾ?" ಮಾತ್ರೆಯನ್ನು ನೊಸಿಫೊಳ ಕೈಗೆ ಹಾಕಿ ಕಣ್ಣು ಮುಚ್ಚಿಕೊಂಡಳು. "ಒಂದು ಕಡೆ ನುಣ್ಣಗೆ. ಇನ್ನೊಂದು ಕಡೆ ಎರಡಕ್ಷರ, ಮಧ್ಯ ಗೆರೆ. ಸರೀನಾ?"

ನೊಸಿಫೊ ತಿರುಗಿಸಿ ನೋಡಿದಳು. ಸರಿಯಾಗಿತ್ತು.

ಯಾರೂ ನಗಲಿಲ್ಲ. ಬಂಡಿಲೆ ಮಾತ್ರ ನಿಧಾನವಾಗಿ, ಲೆಕ್ಕದ ಉತ್ತರ ಹೊಳೆದವನಂತೆ ಹೇಳಿದ. "ತಪ್ಪು ಮಾಡಿರೋದು ಮೇಷ್ಟ್ರಲ್ಲ ಕಣೇ. ನಿಮ್ಮಜ್ಜಿ."

ನೊಸಿಫೊಳ ಕೈಯಿಂದ ಮಾತ್ರೆ ಕೆಳಗೆ ಬಿತ್ತು. ಅವಳು ಅಂಗೈಯನ್ನು ಲಂಗಕ್ಕೆ ಉಜ್ಜಿಕೊಂಡಳು, ಮತ್ತೆ ಉಜ್ಜಿಕೊಂಡಳು. ಬೊನ್ಸಿಲೆ ಕಣ್ಣು ತೆರೆದು ಮೇಷ್ಟ್ರನ್ನು ನೋಡಲಿಲ್ಲ, ಕಿಟಕಿಯತ್ತ ತಿರುಗಿದಳು. ನಗು ಇನ್ನೂ ಮುಖದ ಮೇಲೇ ಇತ್ತು. ಸುಳ್ಳು ಅಂತ ಹೇಳು ಗೋಗೊ ಎಂದು ಕೇಳುವ ಹಾಗೆ ನೋಡಿದಳು.

ಲಾಶೊಂಗ್ವೆ ತಲೆ ತಗ್ಗಿಸಿ ಹಂಡೆಯೊಳಗೆ ಸೌಟಾಡಿಸಿದಳು. ಹುಡುಗಿಗೆ ಅಷ್ಟು ಸಾಕಾಯಿತು.

ಅಂದು ಮಧ್ಯಾಹ್ನ ನೊಸಿಫೊ ತನ್ನ ಮುದ್ದೆ ಕಾಳನ್ನು ಬೇರೆ ತಟ್ಟೆಗೆ ಹಾಕಿಸಿಕೊಂಡು ಗೋಡೆಯ ಆ ಬದಿಗೆ ಹೋದಳು. ಬೊನ್ಸಿಲೆ ಒಬ್ಬಳೇ ಕೂತಳು. ಅವಳ ಸುತ್ತ ಒಂದು ಎತ್ತು ಮಲಗುವಷ್ಟು ನೆಲ ಖಾಲಿ ಉಳಿಯಿತು.

ಸಂಜೆ ಮನೆಯಲ್ಲಿ ಹುಡುಗಿ ಅಳಲಿಲ್ಲ. ಅಳುತ್ತಾಳೆಂದು ಲಾಶೊಂಗ್ವೆ ತಯಾರಾಗಿದ್ದಳು.

"ಯಾವಾಗಿಂದ?"

"ಹುಟ್ಟಿದಾಗಿಂದ, ಮಗಾ."

"ಅಮ್ಮ ಎದೆನೋವಲ್ಲಿ ಹೋದಳು ಅಂದಿದ್ದೆ."

"ಅಂದಿದ್ದೆ."

"ಬಂಡಿಲೆಗೆ ನನಗಿಂತ ಮುಂಚೆ ಗೊತ್ತಾಯ್ತು ಗೋಗೊ. ನನ್ನ ಕಾಯಿಲೆ, ಅವನಿಗೆ ಮುಂಚೆ ಗೊತ್ತಾಯ್ತು."

"ನಿನ್ನ ಒಳ್ಳೇದಕ್ಕೇ..."

"ಮಾತ್ರೆ ಕೊಡು," ಎಂದಳು ಹುಡುಗಿ, "ಬೆಳಿಗ್ಗೆ." ಲಾಶೊಂಗ್ವೆಗೆ ಜೀವ ಬಂದಂತಾಯಿತು. ಗುರುವಾರ ಏಳಕ್ಕೆ ನುಂಗಿದಳು, ಶುಕ್ರವಾರವೂ ನುಂಗಿದಳು. ಬಿಟ್ಟಿಲ್ಲ, ಇನ್ನೂ ಕೈತಪ್ಪಿಲ್ಲ, ಎಂದುಕೊಂಡಳು ಮುದುಕಿ.

ಶುಕ್ರವಾರ ಮೇಷ್ಟ್ರು ಪಾಠದ ಮೇಲೆ ಪರೀಕ್ಷೆ ಕೊಟ್ಟರು. ಎಲ್ಲಕ್ಕಿಂತ ಒಳ್ಳೆಯ ಕಾಗದವನ್ನು ಕಿಟಕಿಯ ಪಕ್ಕ ಅಂಟಿಸಿದರು. ಲಾಶೊಂಗ್ವೆ ಜೊತೆಯ ಅಡುಗೆಯವಳಾದ ಲಾಗಾಮಾಳನ್ನು ಕೇಳಿದಳು. "ಯಾರದೇ ಅದು? ಏನಂತ ಬರೆದಿದೆ?"

"ನೊಸಿಫೊಂದು. ಹತ್ತಕ್ಕೆ ಹತ್ತು." ಲಾಗಾಮಾ ಓದಿದಳು. "ಸೋಂಕು ಇದ್ದೋರ ಜೊತೆ ಒಂದೇ ತಟ್ಟೇಲಿ ಉಂಡ್ರೆ ಹರಡುತ್ತಾ? ಇಲ್ಲ. ಅವರನ್ನ ದೂರ ಇಡಬೇಕಾ? ಇಲ್ಲ. ಎಷ್ಟು ಮುದ್ದಾಗಿ ಬರೆದಿದ್ದಾಳೆ ನೋಡು." ಆಮೇಲೆ ಬೇರೆತ್ತ ನೋಡುತ್ತ ಹೇಳಿದಳು. "ಅಕ್ಕಾ, ಬೇಜಾರಾಗ್ಬೇಡ. ಇನ್ನು ಸೌದೆ ಬೆಂಕಿ ನೀನು ನೋಡ್ಕೊ. ಬಡಿಸೋದು ನಾನೊಬ್ಬಳೇ ನೋಡ್ಕೋತೀನಿ. ಅಪ್ಪ ಅಮ್ಮಂದಿರು ಬಂದು ಹೇಳಿ ಹೋದ್ರು."

"ನಂಗೇನೂ ಇಲ್ವಲ್ಲೇ."

"ನಂಗೊತ್ತು ಅಕ್ಕಾ. ಅವರಿಗೂ ಗೊತ್ತು."

ಅದೇ ಸಂಜೆ, ಸೂರ್ಯ ಕಬ್ಬಿನ ಹೊಗೆಯೊಳಗೆ ಕೆಂಪಾಗಿ ಇಳಿಯುವ ಹೊತ್ತು, ಲಾಶೊಂಗ್ವೆ ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದಳು. ಬೊನ್ಸಿಲೆ ಮೊಳೆಯಿಂದ ನೀಲಿ ಲೋಟ ತೆಗೆದು, ನೀರು ತುಂಬಿ, ಅರ್ಧ ಕುಡಿದು ಅಜ್ಜಿಯ ಮುಂದೆ ಹಿಡಿದಳು.

"ಮೇಷ್ಟ್ರು ಹೇಳಿದ್ದು ಕೇಳಿಸ್ಕೊಂಡೆ ತಾನೆ? ಲೋಟದಿಂದ ಬರಲ್ಲ."

"ಕೇಳಿಸ್ಕೊಂಡೆ, ಮಗಾ."

"ಹಾಗಾದ್ರೆ ಇಷ್ಟು ವರ್ಷ ನಂಗ್ಯಾಕೆ ಬೇರೆ ಲೋಟ?"

ಲಾಶೊಂಗ್ವೆ ಬಾಯಿ ತೆರೆದಳು. ರಾಣಿ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು.

"ಕುಡಿ ಗೋಗೊ," ಎಂದಳು ಹುಡುಗಿ. ಮೆತ್ತಗೆ ಹೇಳಿದಳು, ಸಣ್ಣವಳಿದ್ದಾಗ ಕತೆ ಹೇಳು ಎನ್ನುತ್ತಿದ್ದ ಹಾಗೆ. "ಕುಡಿದ್ರೆ ನಾನು ಏನೂ ಕೇಳಲ್ಲ. ಇಲ್ಲೇ ಇರ್ತೀನಿ. ಕ್ಲಾಸಲ್ಲೂ ಒಬ್ಬಳೇ ಕೂತ್ಕೋತೀನಿ."

ಲಾಶೊಂಗ್ವೆ ಲೋಟ ಹಿಡಿದಳು. ತುಟಿಯ ಹತ್ತಿರ ತಂದಳು. ಹುಡುಗಿ ಬಾಯಿಟ್ಟ ಕಡೆ ಅಂಚು ಇನ್ನೂ ಒದ್ದೆಯಾಗಿತ್ತು. ಕೈ ನಿಂತಿತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಹೆಚ್ಚಿಲ್ಲ. ಬೆರಳು ತಾನಾಗಿ ಲೋಟವನ್ನು ಒಂದಿಷ್ಟು ತಿರುಗಿಸಿ ಒಣ ಅಂಚನ್ನು ತುಟಿಗೆ ತಂದಿತು. ಆಮೇಲೆ ಅವಳು ಕುಡಿದಳು. ತಳದ ಹನಿಯವರೆಗೂ ಕುಡಿದಳು, ಗಲ್ಲದ ಮೇಲೆ ನೀರು ಸುರಿಯುವ ಹಾಗೆ ಕುಡಿದಳು.

ತಲೆ ಎತ್ತಿದಾಗ ಬೊನ್ಸಿಲೆ ಅವಳ ಬೆರಳನ್ನೇ ನೋಡುತ್ತಿದ್ದಳು.

"ನೊಸಿಫೊ ವಾಸಿ," ಎಂದಳು. "ಅವಳು ತಟ್ಟೆ ತಗೊಂಡು ಎದುರಿಗೇ ಎದ್ದು ಹೋದಳು."

ಶನಿವಾರ ಲಾಶೊಂಗ್ವೆ ಎದ್ದಾಗ ಪಕ್ಕದ ಚಾಪೆ ಸುತ್ತಿಟ್ಟಿತ್ತು. ಮಂಜಿನಿ ಪೇಟೆಯಲ್ಲಿ ಜಾಬುವಿನ ತಂಗಿಯೊಬ್ಬಳಿದ್ದಳು, ಬಟ್ಟೆ ಕಾರ್ಖಾನೆಯವಳು. ಹುಡುಗಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಚಿಕ್ಕಮ್ಮನಿಗೂ ಲಾಶೊಂಗ್ವೆ ಎದೆಯ ಕಾಯಿಲೆ ಎಂದೇ ಹೇಳಿದ್ದಳು.

ನೀಲಿ ಲೋಟ ತನ್ನ ಮೊಳೆಯಲ್ಲಿರಲಿಲ್ಲ. ಅಜ್ಜಿಯ ಲೋಟದ ಪಕ್ಕ, ಹಲಗೆಯ ಮೇಲೆ ಇತ್ತು. ಅದರೊಳಗೆ ನಶ್ಯದ ಡಬ್ಬಿ. ಎತ್ತಿದರೆ ಗಲಗಲ ಎಂದಿತು, ಹತ್ತಿಯನ್ನು ಹುಡುಗಿ ತೆಗೆದುಹಾಕಿದ್ದಳು. ಗುರುವಾರ, ಶುಕ್ರವಾರ ನುಂಗಿದ ಹಾಗೆ ಮಾಡಿದ ಎರಡು ಮಾತ್ರೆಗಳು, ಉಗುಳಿನಲ್ಲಿ ಅರ್ಧ ಕರಗಿ ಒಣಗಿದವು, ಲೋಟದ ತಳದಲ್ಲಿ ಬಿದ್ದಿದ್ದವು.

ಲಾಶೊಂಗ್ವೆ ಡಬ್ಬಿ ಹಿಡಿದು ಕೆಮ್ಮಣ್ಣಿನ ರಸ್ತೆಗೆ ಓಡಿದಳು. ಒಂದೊಂದು ಹೆಜ್ಜೆಗೂ ಡಬ್ಬಿ ಸದ್ದು ಮಾಡಿತು. ಬಾವಿಯ ಹತ್ತಿರದ ಹೆಂಗಸರು ಕೊಡ ಬಿಟ್ಟು ತಿರುಗಿ ನೋಡಿದರು. ಬಸ್ಸು ನಿಲ್ಲುವ ಮರದ ಕೆಳಗೆ ಧೂಳು ಇನ್ನೂ ಕೂತಿರಲಿಲ್ಲ.

ಶನಿವಾರ ಬೆಳಿಗ್ಗೆ ಏಳರ ಬಸ್ಸಿಗೆ ಬೊನ್ಸಿಲೆ ಹೋದಳು.