ಎರಡನೇ ಟ್ರಸ್ಸು

“ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ನಂಗೆ ಎಂಜಿನಿಯರಿಂಗ್ ಹೇಳ್ಕೊಡ್ತಾನೆ! ಕೇಳಿದ್ರಾ ತಿರುಮಲ ರಾಯರೇ? ಇನ್ನು ಬ್ಯಾಂಕ್ ಕೆಲಸಾನೂ ಇವನ ಹತ್ರಾನೇ ಕಲೀಬೇಕಿತ್ತು ನಾನು.”

ಬ್ಯಾಂಕಿನಲ್ಲಿದ್ದ ಮನೆಯ ಯಜಮಾನ ಸತ್ಯಾತ್ಮರ ಈ ಮಾತಿಗೆ ಪಕ್ಕದ ಮನೆಯ ತಿರುಮಲ ರಾಯರು ಹೊಟ್ಟೆ ಕುಲುಕಿಸಿ ನಕ್ಕರು. ಅಳತೆಗೆ ಬಂದಿದ್ದ ಲಿಫ್ಟ್ ಕಂಪನಿಯ ಇಬ್ಬರು ತಮಿಳರು, ಕನ್ನಡ ಬಾರದಿದ್ದರೂ, ರಾಯರ ನಗು ನೋಡಿ ತಾವೂ ನಕ್ಕರು. ಏಣಿಯ ಮೇಲೆ ಸಂದೇಶ ಟೇಪಿನ ತುದಿ ಬಿಟ್ಟ. ಕೈಯಲ್ಲಿದ್ದ ಟೇಪು ಸರ್ರನೆ ಸುತ್ತಿಕೊಂಡು ಒಳಗೆ ಹೋಯಿತು.

ಕೀಲ್ಪಾಕಿನ ಆ ಮನೆಯ ಕಾರ್ ಶೆಡ್ಡು ಸತ್ಯಾತ್ಮರ ತಂದೆ ಕಟ್ಟಿಸಿದ್ದು. ಎರಡು ಕಡೆ ಇಟ್ಟಿಗೆ ಗೋಡೆ, ಮೇಲೆ ಸೂರು ಹೊರುವ ಐದು ಕಬ್ಬಿಣದ ತ್ರಿಕೋನ ಚೌಕಟ್ಟು, ಅಂದರೆ ಟ್ರಸ್ಸು, ಅದರ ಮೇಲೆ ಶೀಟು. ಮಗ ವರುಣ್ ಹೊಸ ಕಾರು ತಂದ ಮೇಲೆ ಜಾಗ ಸಾಲದೆ, ಒಂದರ ಮೇಲೊಂದು ಕಾರು ಎತ್ತಿ ನಿಲ್ಲಿಸುವ ಲಿಫ್ಟಿಗೆ ಹೇಳಿದ್ದರು. ಅದಕ್ಕೆ ಹನ್ನೆರಡು ಅಡಿ ಎತ್ತರ ಬೇಕು. ಪ್ರತಿ ಟ್ರಸ್ಸಿನ ಕೆಳಗೆ ಗೋಡೆಯಿಂದ ಗೋಡೆಗೆ ಹಾಯ್ದಿದ್ದ ಕಬ್ಬಿಣದ ಆಂಗಲ್ಲು ಒಂಬತ್ತೂವರೆ ಅಡಿಗೇ ಅಡ್ಡ ಬರುತ್ತಿತ್ತು. ಐದು ಆಂಗಲ್ಲನ್ನೂ ಒಂದೇ ದಿನದಲ್ಲಿ ಕೊಯ್ದು ಹಾಕಲಿ ಎಂದು ವೆಲ್ಡಿಂಗಿನ ಸಂದೇಶನನ್ನು ಕರೆಸಿದ್ದರು.

“ಸಾರ್, ಆ ಆಂಗಲ್ಲೇ ಎರಡು ಗೋಡೇನೂ ಹಿಡ್ಕೊಂಡಿರೋದು. ಕೊಯ್ದ್ರೆ ಸೂರು ಗೋಡೇನ ಆಚೆಗೆ ತಳ್ತದೆ. ಕಂಬ ಕೊಟ್ಟು ಸೂರನ್ನೇ ಇಡಿಯಾಗಿ ಎತ್ತಬೇಕು. ಹತ್ತು ದಿನ ಆಯ್ತದೆ,” ಎಂದ ಸಂದೇಶ ಮತ್ತೆ.

“ನೋಡಿದ್ರಾ, ಒಂದು ದಿನ ಹೋಗಿ ಹತ್ತು ದಿನ ಆಯ್ತು,” ಎಂದರು ಸತ್ಯಾತ್ಮ, ರಾಯರ ಕಡೆ ತಿರುಗಿ.

ಸಂದೇಶ ಉತ್ತರ ಕೊಡುವ ಮೊದಲು ಅವನ ಕಣ್ಣು ಎರಡನೇ ಟ್ರಸ್ಸಿನ ಮೇಲೆ ಬಿತ್ತು. ಮಿಕ್ಕ ನಾಲ್ಕೂ ತುಕ್ಕು ಹಿಡಿದು ಕೆಂಪಾಗಿದ್ದರೆ, ಇದರ ನಡುವೆ ಮಾತ್ರ ಗೇಣುದ್ದ ಹೊಸ ಬಣ್ಣ. ಸ್ಕ್ರೂಡ್ರೈವರಿನಿಂದ ಕೆರೆದ. ಪುಟ್ಟಿ ಉದುರಿತು. ಒಳಗೆ ಆಂಗಲ್ಲು ಪೂರಾ ಎರಡು ತುಂಡು. ಕೊಯ್ದ ಬಾಯಿ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಸಮುದ್ರದಂಡೆಯ ಈ ಊರಿನ ಉಪ್ಪುಗಾಳಿಗೆ ಕೊಯ್ದ ಕಬ್ಬಿಣ ತುಕ್ಕು ಹಿಡಿಯದೆ ವಾರ ತಡೆಯುವುದಿಲ್ಲ.

“ಇದನ್ನ ಯಾರು ಕೊಯ್ದಿದ್ದು?”

ಸತ್ಯಾತ್ಮರ ಮುಖ ಅರಳಿತು. “ಕೊಯ್ದಿದೆಯಾ? ನಮ್ಮಪ್ಪನ ಕಾಲದ್ದಿರಬೇಕು. ಬಿತ್ತಾ ಗೋಡೆ? ಪ್ರೂಫ್ ನೀನೇ ಕೊಟ್ಟೆಯಲ್ಲಪ್ಪಾ!”

ಬಾಗಿಲಲ್ಲಿ ವರುಣ್ ಫೋನು ನೋಡುತ್ತ ನಿಂತಿದ್ದ. ಶೋಳಿಂಗನಲ್ಲೂರಿನ ಆಫೀಸಿಗೆ ರಜೆ ಹಾಕಿದ್ದ. ಅಮೆರಿಕದವರು ಮರದ ಸೂರಿನ ಅಡ್ಡಪಟ್ಟಿ ಕೊಯ್ದು ಎತ್ತರ ಹೆಚ್ಚಿಸುವ ವಿಡಿಯೋವನ್ನು ಸಂದೇಶನಿಗೆ ಕಳಿಸಿ, ಇದೇನು ದೊಡ್ಡ ಕೆಲಸ ಬ್ರೋ ಅಂದವನೂ ಅವನೇ. ಅವನ ಬಿಳಿ ಶೂಗಳ ಮೇಲೆ ಸಾಸಿವೆಕಾಳಿನಷ್ಟು ಸುಟ್ಟ ತೂತುಗಳು. ಕಬ್ಬಿಣ ಕೊಯ್ಯುವ ಗ್ರೈಂಡರಿನ ಕಿಡಿ ಹಾರಿದರೆ ಹಾಗಾಗುತ್ತದೆ ಎಂಬುದನ್ನು ಸಂದೇಶನಿಗೆ ಯಾವ ಸ್ಕೂಲೂ ಕಲಿಸಬೇಕಿರಲಿಲ್ಲ.

“ವರುಣ್ ಸಾರ್, ನಿಮಗೇನಾದ್ರೂ ಗೊತ್ತಾ?”

“ಎನಕ್ಕೆಪ್ಪಡಿ ತೆರಿಯುಂ, ಬ್ರೋ?” ತನಗೇನೂ ಗೊತ್ತಿಲ್ಲವೆಂದು ವರುಣ್ ತಮಿಳಿನಲ್ಲಿ ಜಾರಿಕೊಂಡ. ಶೂ ಹಾಕಿದ ಕಾಲುಗಳನ್ನು ಮಾತ್ರ ಬಾಗಿಲ ಪಕ್ಕದ ಕುರ್ಚಿಯ ಹಿಂದಕ್ಕೆ ಎಳೆದುಕೊಂಡ.

ಗೋಡೆಯ ಆ ಬದಿಗೆ ಅಡುಗೆಯ ಅಂಬುಜಮ್ಮನ ಕೋಣೆ. ಸಂದೇಶ ಅಲ್ಲಿಗೆ ಹೋಗಿ ನೋಡಿದ. ಎರಡನೇ ಟ್ರಸ್ಸು ಕೂತ ಜಾಗದಿಂದ, ಮಂಚದ ತಲೆಭಾಗಕ್ಕೆ ನೇರವಾಗಿ, ಕೂದಲೆಳೆಯಂಥ ಬಿರುಕು ಇಳಿದಿತ್ತು. ಅಂಬುಜಮ್ಮನಿಂದ ನಾಲ್ಕು ಅಗುಳು ಅನ್ನ ಇಸಿದುಕೊಂಡು ಬಿರುಕಿನ ಮೇಲೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿದ.

“ಗೋಡೆ ಅಲ್ಲಾಡ್ತಿದ್ರೆ ಇದು ಹರೀತದೆ. ಹರೀದೇ ಇದ್ರೆ ನಾಳೇನೇ ಎಲ್ಲಾ ಕೊಯ್ದು ಕೊಡ್ತೀನಿ. ಅಲ್ಲೀಗಂಟ ಗೋಡೆಯಿಂದ ಗೋಡೆಗೆ ಚೈನ್ ಬಿಗೀಲಾ ಸಾರ್?”

“ಏನೂ ಬಿಗೀಬೇಡ. ಕೆಲಸ ಹುಟ್ಟಿಸೋದು ಚೆನ್ನಾಗಿ ಗೊತ್ತು ನಿಂಗೆ.” ಸತ್ಯಾತ್ಮ ಪೆನ್ನು ತೆಗೆದು ಬ್ಯಾಂಕಿನ ಲಕೋಟೆಗೆ ಸೀಲು ಹಾಕುವವರಂತೆ ಕಾಗದದ ಉದ್ದಕ್ಕೂ ಸಹಿ ಮಾಡಿ, ಗಂಟೆ ಬರೆದರು.

ಮಧ್ಯಾಹ್ನ ಶೀಟು ಕಾದು ಟಪ್ ಟಪ್ ಎನ್ನತೊಡಗಿತು. ಮೂರು ಗಂಟೆಗೆ ಅಂಬುಜಮ್ಮ ಕೂಗಿದರು. ಎಲ್ಲರೂ ಓಡಿ ಬಂದರು. ಕಾಗದ ನಡುವೆ ಸೀಳಿತ್ತು. ಸಹಿಯ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ.

ಸತ್ಯಾತ್ಮ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. ಈಗಲಾದರೂ ತಿಳಿಯಿತು ಅಂದುಕೊಂಡ ಸಂದೇಶ. ಅವರು ತಿರುಗಿ ಕೈ ಚಾಚಿದರು.

“ಜೇಬಲ್ಲಿ ಬ್ಲೇಡ್ ಇದೆಯಲ್ಲ, ತೆಗಿ.”

“ಅಯ್ಯೋ, ನಾನು ಇಲ್ಲೇ ಬೀನ್ಸ್ ಬಿಡಿಸ್ತಾ ಕೂತಿದ್ದೆ ಯಜಮಾನ್ರೇ,” ಎಂದರು ಅಂಬುಜಮ್ಮ. “ಈ ತಂಬಿ ಒಳಗೇ ಬರ್ಲಿಲ್ಲ.”

“ನಿಮಗೆಷ್ಟು ಪಾಲು ಹೇಳಿದ್ದಾನೆ?”

ಮೂವತ್ತು ವರ್ಷ ಆ ಮನೆಗೆ ಬೇಯಿಸಿ ಹಾಕಿದ ಹೆಂಗಸು ಬೀನ್ಸಿನ ತಟ್ಟೆಯನ್ನು ಬದಿಗಿಟ್ಟರು.

ಸಂದೇಶ ವರುಣನನ್ನೇ ನೋಡಿದ. ವರುಣ್ ಕಾಗದ ನೋಡಿದ, ಗೋಡೆ ನೋಡಿದ, ಮೆಲ್ಲನೆ ಎರಡು ಹೆಜ್ಜೆ ಹಿಂದೆ ಸರಿದು ಹೊಸ್ತಿಲಾಚೆ ನಿಂತ. ಸಂದೇಶನ ಮುಷ್ಟಿ ತಾನಾಗಿ ಬಿಗಿಯಿತು. ಅಪ್ಪನೆದುರು ಅವನ ಕಾಲು ಹಿಡಿದೆತ್ತಿ ಆ ಶೂ ತೋರಿಸಿಬಿಡಬೇಕು ಅನ್ನಿಸಿತು. ತೋರಿಸಿದರೂ, ಆ ತೂತು ಸುಟ್ಟವನೂ ನೀನೇ ಅನ್ನುವ ಮುಖ ಎದುರಿಗಿತ್ತು.

ಅಷ್ಟರಲ್ಲಿ ಅಂಬುಜಮ್ಮ ಬಗ್ಗಿ ಮಂಚದಡಿಯ ಟ್ರಂಕು ಎಳೆದರು. “ಇದನ್ನ ಎತ್ತು ಕಣ್ಣಾ. ರಾಯಪುರಂ ಬಸ್ ಹತ್ತಿಸ್ಬಿಡು, ತಂಗಿ ಮನೇಗೆ ಹೋಗ್ತೀನಿ. ಇಲ್ಲಿ ತಲೆ ಇಟ್ಟು ಮಲಗೋಕೆ ನನ್ನ ಕೈಲಾಗಲ್ಲ.”

ಮುಷ್ಟಿ ಬಿಚ್ಚಿ ಸಂದೇಶ ಟ್ರಂಕನ್ನು ಹೆಗಲಿಗೇರಿಸಿದ.

“ನಿಲ್ಲೋ! ಹರಿದಿದ್ದು ನೀನೇ ತಾನೇ? ನಾಲಗೆ ಬಿದ್ದುಹೋಯ್ತಾ? ಹೇಳೋ!”

ಅವನು ತಿರುಗಿ ನೋಡದೆ ಅಂಗಳ ದಾಟಿದ. ಹಿಂದೆ ಅಂಬುಜಮ್ಮ ಟೇಬಲ್ ಫ್ಯಾನನ್ನು ಎದೆಗವಚಿಕೊಂಡು ಬರುತ್ತಿದ್ದರು. ಅದರ ವೈರು ನೆಲದ ಮೇಲೆ ಹರಿದು ಬರುತ್ತ, ಪ್ಲಗ್ಗು ಕಲ್ಲಿಂದ ಕಲ್ಲಿಗೆ ಟಣ್ ಟಣ್ ಎಂದು ತಾಗುತ್ತಿತ್ತು. ಮುಗ್ಗರಿಸಿಯಾರೆಂದು ಸಂದೇಶ ಗೇಟಿನ ಬಳಿ ಹೆಜ್ಜೆ ನಿಧಾನ ಮಾಡಿದ. ಅವರು ಹತ್ತಿರ ಬಂದ ಮೇಲೆ ಆ ವೈರನ್ನು ಎತ್ತಿ ತನ್ನ ಮುಂಗೈಗೆ ಸುತ್ತಿಕೊಂಡು, ರಸ್ತೆಗಿಳಿದು ನಡೆದ.